ಒಂದೇ ಅಳತೆಯ ಪೆಟ್ಟು

ಬೆನ್ನುಹುರಿಯ ಗಾಯಕ್ಕೆ ಮದ್ದು ಹುಡುಕಲು ಹೊರಟವರು ಮೊದಲು ಕಲಿಯಬೇಕಾದದ್ದು ಬೆನ್ನುಹುರಿಗೆ ಪೆಟ್ಟು ಹಾಕುವುದನ್ನು. ಅದೂ ಮನಸ್ಸಿಗೆ ಬಂದ ಹಾಗಲ್ಲ. ಇವತ್ತು ಬಿದ್ದ ಪೆಟ್ಟೇ ನಾಳೆಯೂ ಬೀಳಬೇಕು, ಮೊದಲ ಇಲಿಗೆ ಬಿದ್ದದ್ದೇ ಕೊನೆಯ ಇಲಿಗೂ ಬೀಳಬೇಕು. ಒಂದು ಊರಿನ ಲ್ಯಾಬಿನವರು ಹಾಕಿದ್ದನ್ನೇ ಸಮುದ್ರದಾಚೆಯ ಲ್ಯಾಬಿನವರೂ ಹಾಕಬೇಕು. ಪೇಪರುಗಳಲ್ಲಿ ಇದು ಎರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ಆ ಎರಡು ಸಾಲನ್ನು ಕೈಗೆ ಇಳಿಸಿಕೊಳ್ಳಲಿಕ್ಕೆಂದೇ ಅಮೆರಿಕದ ಕೊಲಂಬಸ್ ನಗರದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬೇಸಿಗೆಯ ಹೊತ್ತಿಗೆ ಮೂರು ವಾರಗಳ ತರಬೇತಿ ನಡೆಯುತ್ತಿತ್ತು. ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ, ನ್ಯೂಜೆರ್ಸಿಯ ರಟ್ಗರ್ಸ್‌ನಲ್ಲಿಯೂ ಇಂಥವೇ ಕಮ್ಮಟಗಳಿದ್ದವು.

2000ದ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ಕೊಲಂಬಸ್ಸಿಗೆ ಹೋದವರಲ್ಲಿ ತೀರ್ಥಹಳ್ಳಿ ಕಡೆಯ ಒಬ್ಬಾಕೆಯೂ ಇದ್ದಳು. ಜೀವರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಮುಗಿಸಿ ಅಮೆರಿಕದ ಒಂದು ಲ್ಯಾಬಿನಲ್ಲಿ ಪೋಸ್ಟ್‌ಡಾಕ್ ಆಗಿ ಸೇರಿದ್ದಳು. ಅಲ್ಲಿಯವರೆಗೆ ಆಕೆಯ ಒಡನಾಟವೆಲ್ಲ ಗಾಜಿನ ತಟ್ಟೆಗಳ ಜೊತೆ. ತಟ್ಟೆಯಲ್ಲಿ ನರಕೋಶ ಬೆಳೆಸುವುದು, ಯಾವ ಪ್ರೋಟೀನು ಸೇರಿಸಿದರೆ ಎಳೆ ಉದ್ದವಾಗುತ್ತದೆ, ಯಾವುದಕ್ಕೆ ಮುದುಡುತ್ತದೆ ಎಂದು ಅಳೆಯುವುದು. ಫಲಿತಾಂಶ ಚೆನ್ನಾಗಿತ್ತು. ಪೇಪರು ಕಳಿಸಿದಾಗ ಪರಿಶೀಲಕರು ಕೇಳಿದ್ದು ಒಂದೇ ಪ್ರಶ್ನೆ: ಪ್ರಾಣಿಯಲ್ಲಿ ಮಾಡಿ ನೋಡಿದ್ದೀರಾ? ಆಕೆ ಜೀವಂತ ಇಲಿಯೊಂದನ್ನು ಕೈಯಲ್ಲಿ ಹಿಡಿದದ್ದೂ ಇರಲಿಲ್ಲ.

ಆ ತರಗತಿಯಲ್ಲಿ ಆಕೆಯಂಥವರೇ ಹೆಚ್ಚು. ವಂಶವಾಹಿಯ ಕೆಲಸ ಮಾಡಿದವರು, ಔಷಧ ಕಂಪನಿಯಿಂದ ಬಂದವರು, ಎಂಜಿನಿಯರಿಂಗ್ ಓದಿ ಈ ಕಡೆ ಹೊರಳಿದವರು. ಜೊತೆಗೆ ಒಂದಿಬ್ಬರು ಸರ್ಜನ್ನರು. ಮನುಷ್ಯರ ಬೆನ್ನುಮೂಳೆ ಬಿಡಿಸಿ ಪಳಗಿದ ಆ ಕೈಗಳು ಇಲಿಯ ಮುಂದೆ ತಡವರಿಸಿದ್ದನ್ನು ಕಂಡು ಉಳಿದವರಿಗೆ ಒಳಗೊಳಗೇ ಸಮಾಧಾನವಾಯಿತು ಎಂದು ಆಕೆ ಈಗಲೂ ನಗುತ್ತಾಳೆ. ಇಲಿಯ ಬೆನ್ನುಹುರಿಯ ಅಗಲ ಸುಮಾರು ಮೂರು ಮಿಲಿಮೀಟರ್. ಅದರ ಮೇಲಿನ ಎಲುಬಿನ ಚಾವಣಿಯನ್ನು ಚಿಮಟದಂಥ ಉಪಕರಣದಿಂದ ಚೂರು ಚೂರಾಗಿ ಕಚ್ಚಿ ತೆಗೆಯಬೇಕು. ಉಪಕರಣದ ತುದಿ ಒಂದಿಷ್ಟು ಕೆಳಗಿಳಿದರೆ ಹುರಿಗೆ ತಾಗುತ್ತದೆ. ತಾಗಿದರೆ ಆ ಪ್ರಾಣಿ ಪ್ರಯೋಗಕ್ಕೆ ಬರುವುದಿಲ್ಲ. ಯಂತ್ರದ ಪೆಟ್ಟು ಯಾವುದು, ಕೈಯ ಪೆಟ್ಟು ಯಾವುದು ಎಂದು ಆಮೇಲೆ ಯಾರಿಗೂ ಹೇಳಲಾಗದು.

ಪೆಟ್ಟನ್ನು ಅಳೆದು ಹಾಕುವ ಆಲೋಚನೆ ಹಳೆಯದು. 1911ರಲ್ಲಿ ಫಿಲಡೆಲ್ಫಿಯಾದ ವೈದ್ಯ ಆಲ್ಫ್ರೆಡ್ ರೆಜಿನಾಲ್ಡ್ ಆಲೆನ್ ನಾಯಿಯ ಬೆನ್ನುಹುರಿಯ ಮೇಲೆ ಗೊತ್ತಾದ ಎತ್ತರದಿಂದ ಗೊತ್ತಾದ ತೂಕ ಬೀಳಿಸಿ ಏನಾಗುತ್ತದೆಂದು ದಾಖಲಿಸಿದರು. ಗ್ರಾಮನ್ನು ಸೆಂಟಿಮೀಟರಿನಿಂದ ಗುಣಿಸಿದರೆ ಬರುವುದೇ ಪೆಟ್ಟಿನ ಅಳತೆ. ಆಲೆನ್ 1918ರಲ್ಲಿ ಯುದ್ಧಭೂಮಿಯಲ್ಲಿ ಸತ್ತರು, ಅವರ ಗುಣಾಕಾರ ಮಾತ್ರ ದಶಕಗಟ್ಟಲೆ ಉಳಿಯಿತು. ತೊಂದರೆಯಿದ್ದದ್ದು ಆ ಗುಣಾಕಾರದಲ್ಲೇ. ಹತ್ತು ಗ್ರಾಂ ತೂಕವನ್ನು ಐದು ಸೆಂಟಿಮೀಟರಿನಿಂದ ಬೀಳಿಸಿದರೂ ಐದು ಗ್ರಾಮನ್ನು ಹತ್ತು ಸೆಂಟಿಮೀಟರಿನಿಂದ ಬೀಳಿಸಿದರೂ ಲೆಕ್ಕದಲ್ಲಿ ಐವತ್ತೇ. ಬೆನ್ನುಹುರಿಗೆ ಅವೆರಡೂ ಒಂದೇ ಅಲ್ಲ. ವೇಗ ಬೇರೆ, ಒತ್ತು ಬೇರೆ, ಗಾಯ ಬೇರೆ. ಹೀಗಾಗಿ ಒಂದು ಲ್ಯಾಬಿನ ಐವತ್ತನ್ನು ಇನ್ನೊಂದು ಲ್ಯಾಬಿನ ಐವತ್ತಿನ ಪಕ್ಕಕ್ಕಿಟ್ಟು ನೋಡುವಂತಿರಲಿಲ್ಲ.

ಇದನ್ನು ಹದಕ್ಕೆ ತಂದವರಲ್ಲಿ ಮುಖ್ಯರು ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿದ್ದ ವೈಸ್ ಯಂಗ್ ಮತ್ತು ಅವರ ಸಂಗಡಿಗರು. ಅವರ ಯಂತ್ರದಲ್ಲಿ ಹತ್ತು ಗ್ರಾಂ ತೂಕದ ಸಲಾಕೆ 6.25, 12.5, 25 ಅಥವಾ 50 ಮಿಲಿಮೀಟರ್ ಎತ್ತರದಿಂದ ಬೀಳುತ್ತದೆ. ಬೀಳುವಷ್ಟು ಹೊತ್ತೂ ಅದರ ಚಲನೆಯನ್ನು ಕಂಪ್ಯೂಟರ್ ಬರೆದುಕೊಳ್ಳುತ್ತದೆ: ಹುರಿಯನ್ನು ಮುಟ್ಟಿದಾಗ ವೇಗವೆಷ್ಟು, ಹುರಿ ಎಷ್ಟು ಆಳ ಕುಗ್ಗಿತು. 1990ರ ದಶಕದಲ್ಲಿ ಅಮೆರಿಕದ ಹಲವು ಲ್ಯಾಬುಗಳು ಸೇರಿ ನಡೆಸಿದ ಜಂಟಿ ಅಧ್ಯಯನ ಈ ಯಂತ್ರವನ್ನೇ ಆಧರಿಸಿತ್ತು. ಅಲ್ಲಿ ಇಲಿಯ ತಳಿ ನಿಗದಿ, ವಯಸ್ಸು ನಿಗದಿ. ಎಪ್ಪತ್ತೇಳು ದಿನ, ಒಂದು ದಿನ ಆಚೀಚೆ. ಅರಿವಳಿಕೆ ಕೊಟ್ಟು ಒಂದು ಗಂಟೆಯಾದಾಗ ಪೆಟ್ಟು ಬೀಳಬೇಕು. ಹೊರಗಿನವರಿಗೆ ಇದು ಮಡಿವಂತಿಕೆಯೆನಿಸಬಹುದು. ಆದರೆ ಅರಿವಳಿಕೆ ಮೈಯ ಬಿಸಿಯನ್ನೂ ರಕ್ತದ ಒತ್ತಡವನ್ನೂ ಇಳಿಸುತ್ತದೆ, ಅವೆರಡೂ ಗಾಯದ ಹರವನ್ನು ಬದಲಿಸುತ್ತವೆ. ಒಬ್ಬರು ಅರ್ಧ ಗಂಟೆಯಲ್ಲಿ ಮುಗಿಸಿ ಇನ್ನೊಬ್ಬರು ಎರಡು ಗಂಟೆ ಎಳೆದರೆ, ಔಷಧ ಗೆದ್ದಿತೆಂದು ಕಂಡದ್ದು ಬರೀ ಗಡಿಯಾರದ ಆಟವೂ ಆಗಿರಬಹುದು. 2003ರಲ್ಲಿ ಕೆಂಟಕಿಯ ಸ್ಟೀಫನ್ ಶೆಫ್ ತಂಡ ಎತ್ತರದ ಬದಲು ಬಲವನ್ನೇ ನಿಗದಿ ಮಾಡುವ ಇನ್ನೊಂದು ಯಂತ್ರದ ವಿವರ ಪ್ರಕಟಿಸಿತು. ಯಂತ್ರ ಯಾವುದಾದರೂ ಪಾಠ ಒಂದೇ.

ಆ ಪಾಠದ ಮೊದಲ ದಿನವನ್ನು ಆಕೆ ಹೀಗೆ ನೆನೆಯುತ್ತಾಳೆ. ಬಿಸಿಪಟ್ಟಿಯ ಮೇಲೆ ಇಲಿ ಬೋರಲಾಗಿ ಮಲಗಿದೆ, ಬೆನ್ನಿನ ಕೂದಲು ಬೋಳಿಸಿದೆ, ಕಣ್ಣು ಒಣಗದಂತೆ ಮುಲಾಮು ಹಚ್ಚಿದೆ. ಎದೆಭಾಗದ ಒಂಬತ್ತು-ಹತ್ತನೆಯ ಮೂಳೆಯ ಹತ್ತಿರ ಕಿಂಡಿ ತೆರೆದಾಗ ಮೈಕ್ರೋಸ್ಕೋಪಿನ ಕೆಳಗೆ ಹುರಿ ಕಾಣಿಸುತ್ತದೆ. ಮಾಸಲು ಬಿಳಿ, ನಟ್ಟನಡುವೆ ಒಂದು ರಕ್ತನಾಳ. ಪ್ರಾಣಿ ಉಸಿರೆಳೆದಾಗಲೆಲ್ಲ ಅದು ಮೇಲೇಳುತ್ತದೆ, ಇಳಿಯುತ್ತದೆ. ಹಾಗೆ ಏಳದಂತೆ ಮೇಲಿನ ಮತ್ತು ಕೆಳಗಿನ ಮೂಳೆಗಳನ್ನು ಹಿಡಿಕೆಗಳಲ್ಲಿ ಬಿಗಿಯಬೇಕು. ಬಿಗಿ ಸಾಲದಿದ್ದರೆ ಪೆಟ್ಟು ಬೀಳುವಾಗ ಇಡೀ ಬೆನ್ನು ಕೆಳಗೆ ಜಗ್ಗಿ, ಬಲವೆಲ್ಲ ಅಲ್ಲೇ ಸೋರಿಹೋಗುತ್ತದೆ. ಸಲಾಕೆಯ ತುದಿ ಹುರಿಯನ್ನು ಇನ್ನೇನು ಮುಟ್ಟಿತು ಎನ್ನುವಲ್ಲಿ ಸೊನ್ನೆ ಗುರುತು ಮಾಡಿ, ಅಲ್ಲಿಂದ 25 ಮಿಲಿಮೀಟರ್ ಎತ್ತಿ, ಬಿಡುವುದು. ಬಿದ್ದದ್ದು ಕಣ್ಣಿಗೆ ಕಾಣುವುದಿಲ್ಲ. ಸೆಕೆಂಡಿನ ಹತ್ತನೆಯ ಒಂದು ಭಾಗವೂ ಹಿಡಿಯುವುದಿಲ್ಲ. ಕಾಣುವುದು ಆಮೇಲಿನದು. ಹಿಂಗಾಲುಗಳೆರಡೂ ಒಮ್ಮೆ ಝಾಡಿಸುತ್ತವೆ, ಬಾಲ ಚಿಮ್ಮುತ್ತದೆ. ಹುರಿಯ ಮೇಲೆ ಕಡುಗೆಂಪು ಬಣ್ಣ ಹರಡುತ್ತದೆ. ಆ ಝಾಡನ್ನು ನೋಡಲೇಬೇಕು, ಪೆಟ್ಟು ಸರಿಯಾಗಿ ಬಿತ್ತೆನ್ನುವುದಕ್ಕೆ ಅದೊಂದು ಗುರುತು ಎಂದು ಕಲಿಸುವವರು ಹೇಳಿದ್ದರು. ಆಕೆಯ ಪಕ್ಕದ ಹುಡುಗ ಕಣ್ಣು ಮುಚ್ಚಿಕೊಂಡಿದ್ದ. ಯಾರೂ ಅವನನ್ನು ಗದರಿಸಲಿಲ್ಲ. ಮುಂದಿನ ಇಲಿಗೆ ಕಣ್ಣು ಬಿಟ್ಟುಕೊಂಡು ನಿಲ್ಲಲು ಹೇಳಿದರು, ಅಷ್ಟೆ.

ಇದು ಕ್ರೌರ್ಯವಲ್ಲವೇ? ಈ ಪ್ರಶ್ನೆಯನ್ನು ಬದಿಗೆ ಸರಿಸಿ ಮುಂದೆ ಹೋಗುವ ತರಬೇತಿ ತರಬೇತಿಯೇ ಅಲ್ಲ. ರಸೆಲ್ ಮತ್ತು ಬರ್ಚ್ ಎಂಬಿಬ್ಬರು 1959ರಲ್ಲೇ ಪ್ರಾಣಿಪ್ರಯೋಗಕ್ಕೆ ಮೂರು ಅಂಕುಶ ಹಾಕಿಕೊಟ್ಟಿದ್ದರು: ಸಾಧ್ಯವಿದ್ದರೆ ಪ್ರಾಣಿಯನ್ನೇ ಬಳಸಬೇಡಿ, ಬಳಸಿದರೆ ಕಡಿಮೆ ಬಳಸಿ, ನೋವನ್ನು ತಗ್ಗಿಸಿ. ಕೊಲಂಬಸ್ಸಿನಲ್ಲಿ ಇವು ಗೋಡೆಯ ಮೇಲಿನ ಘೋಷಣೆಗಳಾಗಿರಲಿಲ್ಲ. ಪೆಟ್ಟಿನ ಅಳತೆ ಎಷ್ಟು ಕರಾರುವಾಕ್ಕೋ ಒಂದು ಪ್ರಶ್ನೆಗೆ ಉತ್ತರ ಪಡೆಯಲು ಬೇಕಾಗುವ ಇಲಿಗಳು ಅಷ್ಟು ಕಡಿಮೆ. ಪಳಗದ ಕೈ ಹೆಚ್ಚು ಪ್ರಾಣಿಗಳನ್ನು ತಿನ್ನುತ್ತದೆ, ಅದೂ ಉತ್ತರ ಸಿಗದೆಯೇ. ಹಾಗೆ ನೋಡಿದರೆ ಕೈ ಪಳಗಿಸುವುದಕ್ಕಿಂತ ದೊಡ್ಡ ದಯೆ ಅಲ್ಲಿ ಬೇರೊಂದಿಲ್ಲ. ಒಪ್ಪದವರು ಇರಬಹುದು, ಇದ್ದಾರೆ. ಅವರ ಮಾತಿನಲ್ಲೂ ತೂಕವಿದೆ.

ಆದರೆ ಆಕೆಯನ್ನು ಕೇಳಿದರೆ ಕೊಲಂಬಸ್ಸಿನ ನಿಜವಾದ ಪಾಠ ಶುರುವಾದದ್ದು ಹೊಲಿಗೆ ಹಾಕಿದ ಮೇಲೆ. ಬೆನ್ನುಹುರಿಗೆ ಪೆಟ್ಟಾದ ಪ್ರಾಣಿಗೆ ಮೂತ್ರ ಹೊಯ್ಯಲು ಬರುವುದಿಲ್ಲ. ಮೂತ್ರಕೋಶ ತುಂಬುತ್ತಲೇ ಹೋಗುತ್ತದೆ, ಖಾಲಿ ಮಾಡು ಎನ್ನುವ ಅಪ್ಪಣೆ ಕೆಳಗೆ ಇಳಿಯುವುದಿಲ್ಲ. ಬಿಟ್ಟರೆ ಸೋಂಕು ತಗುಲಿ ಕಿಡ್ನಿಗೆ ಏರುತ್ತದೆ, ಪ್ರಾಣಿ ಸಾಯುತ್ತದೆ. ಆದ್ದರಿಂದ ದಿನಕ್ಕೆ ಎರಡು ಮೂರು ಸಲ, ಭಾನುವಾರವೆನ್ನದೆ ಹಬ್ಬವೆನ್ನದೆ, ಪ್ರತಿ ಇಲಿಯನ್ನೂ ಕೈಗೆತ್ತಿಕೊಂಡು ಹೊಟ್ಟೆಯ ಕೆಳಭಾಗದಲ್ಲಿ ಬೆರಳಿನಿಂದ ಹುಡುಕಿ, ಮೆತ್ತಗೆ ಒತ್ತಿ ಮೂತ್ರ ತೆಗೆಯಬೇಕು. ಹೆಣ್ಣಿಲಿಗಳನ್ನೇ ಹೆಚ್ಚಾಗಿ ಬಳಸುವುದಕ್ಕೂ ಇದೇ ಕಾರಣ. ಅವುಗಳ ಮೂತ್ರನಾಳ ಗಿಡ್ಡ, ಒತ್ತಿದರೆ ಬೇಗ ಬರುತ್ತದೆ. ಇಲಿಗಳಲ್ಲಿ ಒಂದೆರಡು ವಾರಕ್ಕೆ ಮೂತ್ರಕೋಶ ತಾನಾಗಿ ಖಾಲಿಯಾಗುವುದನ್ನು ಕಲಿಯುತ್ತದೆ. ಚುಂಡಿಲಿಗಳಲ್ಲಿ ಎಷ್ಟೋ ಸಲ ಕಲಿಯುವುದೇ ಇಲ್ಲ, ಬದುಕಿರುವಷ್ಟು ದಿನವೂ ಒತ್ತಬೇಕು.

ಇದನ್ನು ಬರೆದು ತಿಳಿಸುವುದು ಸುಲಭ. ಬೆರಳಿಗೆ ಮೂತ್ರಕೋಶ ಸಿಗುವುದೇ ಕಷ್ಟ. ತುಂಬಿದ್ದರೆ ಗುಂಡಗೆ ಗಟ್ಟಿಯಾಗಿರುತ್ತದೆ, ಅರೆ ತುಂಬಿದ್ದರೆ ಕರುಳಿನ ನಡುವೆ ಜಾರಿಕೊಳ್ಳುತ್ತದೆ. ಜೋರಾಗಿ ಒತ್ತಿದರೆ ಒಡೆದೇ ಹೋಗಬಹುದು. ಮೂತ್ರದ ಬಣ್ಣ ನೋಡಬೇಕು: ತಿಳಿ ಹಳದಿಯೇ, ಮಬ್ಬಾಗಿದೆಯೇ, ರಕ್ತ ಬೆರೆತಿದೆಯೇ. ವಾಸನೆ ನೋಡಬೇಕು. ಎಷ್ಟು ಬಂತೆಂದು ಕಾರ್ಡಿನಲ್ಲಿ ಬರೆಯಬೇಕು. ಜೊತೆಗೆ ಮೈ ತೂಕ, ಚರ್ಮ ಹಿಗ್ಗಿಸಿ ನೀರಿನಂಶದ ಪರೀಕ್ಷೆ, ಪಾದಗಳಲ್ಲಿ ಗಾಯ. ಸ್ಪರ್ಶ ಕೆಟ್ಟ ಕಾಲನ್ನು ಇಲಿ ತಾನೇ ಕಚ್ಚಿಕೊಳ್ಳುವುದುಂಟು. ಒಂದು ರಾತ್ರಿ ಗಮನಿಸದಿದ್ದರೆ ಬೆಳಿಗ್ಗೆ ಬೆರಳುಗಳೇ ಇರುವುದಿಲ್ಲ. ತಡರಾತ್ರಿಯ ಸರದಿ ಮುಗಿಸಿ ಹೈ ಸ್ಟ್ರೀಟಿನ ಕಡೆ ನಡೆದುಹೋಗುವಾಗ ಎಷ್ಟು ತಿಕ್ಕಿ ತೊಳೆದರೂ ಕೈಯಿಂದ ಇಲಿಯ ಮೂತ್ರದ ವಾಸನೆ ಹೋಗುತ್ತಿರಲಿಲ್ಲ. ನೊಬೆಲ್ ಮಟ್ಟದ ಪ್ರಶ್ನೆ ಹಿಡಿದು ಬಂದವರಿಗೆ ಸಿಕ್ಕಿದ ಕೆಲಸ ಇದು ಎಂದು ಸಹಪಾಠಿಯೊಬ್ಬ ಗೊಣಗಿದ್ದ. ಎರಡನೆಯ ವಾರಕ್ಕೆ ಅವನೇ ಉಳಿದವರ ಕಾರ್ಡು ತಿದ್ದುತ್ತಿದ್ದ.

ಬೆಳಿಗ್ಗೆಯ ಪಾಠಗಳಲ್ಲಿ ಒಂದಕ್ಕೆ ಮಕ್ಕಳು ನೀರಾಟವಾಡುವ ಪ್ಲಾಸ್ಟಿಕ್ ತೊಟ್ಟಿ ಬೇಕಾಗುತ್ತಿತ್ತು. ನೀರಿಲ್ಲದ ಆ ತೊಟ್ಟಿಯಲ್ಲಿ ಇಲಿಯನ್ನು ನಾಲ್ಕು ನಿಮಿಷ ಬಿಡುವುದು, ಆಚೆಗೊಬ್ಬರು ಈಚೆಗೊಬ್ಬರು ಕುಳಿತು ಅದರ ನಡಿಗೆಗೆ ಅಂಕ ಕೊಡುವುದು. ಅಂಕಪಟ್ಟಿ ಅದೇ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಮಿಶೆಲ್ ಬ್ಯಾಸೊ, ಮೈಕೆಲ್ ಬೀಟಿ, ಜಾಕ್ವೆಲಿನ್ ಬ್ರೆಸ್ನಹಾನ್ 1995ರಲ್ಲಿ ಪ್ರಕಟಿಸಿದ ಇದು ಮೂವರ ಹೆಸರಿನ ಮೊದಲಕ್ಷರ ಸೇರಿ ಬಿಬಿಬಿ ಎಂದೇ ಲೋಕಕ್ಕೆಲ್ಲ ಪರಿಚಿತ. ಸೊನ್ನೆಯಿಂದ ಇಪ್ಪತ್ತೊಂದರವರೆಗೆ. ಹಿಂಗಾಲು ಅಲುಗದಿದ್ದರೆ ಸೊನ್ನೆ. ಪಾದ ಊರಿ ಮೈಭಾರ ಹೊತ್ತು ನಿಂತರೆ ಒಂಬತ್ತು. ಭಾರ ಹೊತ್ತು ಆಗೊಂದು ಈಗೊಂದು ಹೆಜ್ಜೆ ಇಟ್ಟರೆ ಹತ್ತು. ಹೆಜ್ಜೆ ಹೆಚ್ಚಾಗಿ, ಆದರೆ ಮುಂಗಾಲು ಹಿಂಗಾಲಿಗೆ ತಾಳವಿಲ್ಲದಿದ್ದರೆ ಹನ್ನೊಂದು. ತಾಳ ಆಗೀಗ ಕೂಡಿದರೆ ಹನ್ನೆರಡು. ಮೇಲೇರಿದಂತೆ ಪಾದ ಸವರುತ್ತದೆಯೇ, ಬೆರಳೆತ್ತುತ್ತದೆಯೇ, ಬಾಲ ಮೇಲಿದೆಯೇ, ಮುಂಡ ತೂರಾಡುತ್ತದೆಯೇ ಎನ್ನುವ ಸೂಕ್ಷ್ಮಗಳು.

‘ಆಗೀಗ’ ಎಂದರೆ ಎಷ್ಟು ಎನ್ನುವುದಕ್ಕೂ ಲೆಕ್ಕವಿದೆ. ಅರ್ಧದವರೆಗೆ ಆಗೀಗ, ಅರ್ಧ ದಾಟಿ ತೊಂಬತ್ತನಾಲ್ಕು ಶೇಕಡದವರೆಗೆ ಆಗಾಗ, ತೊಂಬತ್ತೈದು ಮುಟ್ಟಿದರೆ ಯಾವಾಗಲೂ. ಓದಿದರೆ ಸ್ಪಷ್ಟವೇ. ಆದರೆ ಇಲಿ ಒಂದು ಮೂಲೆಯಿಂದ ಸರಸರನೆ ಹೊರಟು ಮೂರು ಹೆಜ್ಜೆಗೆ ತಿರುಗಿಬಿಟ್ಟರೆ ಅದನ್ನು ಎಣಿಸಬೇಕೋ ಬೇಡವೋ? ಹೊಟ್ಟೆ ನೆಲಕ್ಕೆ ತಾಗಿತೋ, ತಾಗಿದಂತೆ ಕಂಡಿತೋ? ಆಕೆಗೂ ಎದುರು ಕುಳಿತಾಕೆಗೂ ಮೊದಲ ದಿನಗಳಲ್ಲಿ ಹೊಂದಿಕೆಯೇ ಆಗಲಿಲ್ಲ. ಆಕೆ ಹದಿಮೂರು ಎಂದರೆ ಅವಳು ಹತ್ತು. ಇಬ್ಬರ ಸರಾಸರಿ ತೆಗೆದು ಮುಂದೆ ಹೋಗುವ ಹಾಗಿರಲಿಲ್ಲ. ಏನನ್ನು ಕಂಡಿರಿ, ಯಾವ ಕಾಲು, ಎಷ್ಟು ಸಲ ಎಂದು ಕಲಿಸುವವರು ಕೆದಕುತ್ತಿದ್ದರು. ವಿಡಿಯೊ ಹಾಕಿ ಮತ್ತೆ ನೋಡುವುದು. ಮೊದಲು ಜೋರಾಗಿ ಮಾತಾಡುವವರ ಅಂಕವೇ ನಿಲ್ಲುತ್ತಿತ್ತು. ಬರಬರುತ್ತ ಕಂಡದ್ದನ್ನು ಕಂಡ ಕ್ರಮದಲ್ಲಿ ಹೇಳುವವರ ಅಂಕ ನಿಲ್ಲತೊಡಗಿತು.

ಇದು ಬರೀ ಶಿಸ್ತಿನ ಮಾತಲ್ಲ. ಹಲವು ಕೇಂದ್ರಗಳ ಜಂಟಿ ಅಧ್ಯಯನದ ಭಾಗವಾಗಿ ಬ್ಯಾಸೊ ಮತ್ತಿತರರು ನೋಡುಗರ ಅನುಭವ, ತಂಡವಾಗಿ ನೋಡುವ ರೂಢಿ ಎರಡೂ ಅಂಕಗಳ ನಂಬಿಕೆಯನ್ನು ಹೇಗೆ ಬದಲಿಸುತ್ತವೆ ಎಂಬುದನ್ನೇ ಪ್ರಯೋಗದ ವಸ್ತು ಮಾಡಿ 1996ರಲ್ಲಿ ಪ್ರಕಟಿಸಿದ್ದರು. ಇಲಿಯ ಬದಲು ಇಲಿ ನೋಡುವವರನ್ನು ಅಳೆದ ಪ್ರಯೋಗ ಅದು. ಈ ಇಡೀ ಕ್ಷೇತ್ರದಲ್ಲಿ ಇದಕ್ಕಿಂತ ಪ್ರಾಮಾಣಿಕ ಪೇಪರು ಕಡಿಮೆಯೇ ಎಂದು ಹೇಳಬೇಕೆನಿಸುತ್ತದೆ.

ಇಷ್ಟೆಲ್ಲ ರಗಳೆ ಯಾಕೆ ಬೇಕಾಯಿತು ಎನ್ನುವುದಕ್ಕೆ ಆ ಹೊತ್ತಿನ ಸಂದರ್ಭ ನೋಡಬೇಕು. 1990ರಲ್ಲಿ ಪ್ರಕಟವಾದ ದೊಡ್ಡದೊಂದು ವೈದ್ಯಕೀಯ ಪರೀಕ್ಷೆ, ಪೆಟ್ಟಾದ ಎಂಟು ಗಂಟೆಯೊಳಗೆ ಮೀಥೈಲ್‌ಪ್ರೆಡ್ನಿಸೊಲೋನನ್ನು ಭಾರೀ ಪ್ರಮಾಣದಲ್ಲಿ ಕೊಟ್ಟರೆ ಸ್ವಲ್ಪ ಮಟ್ಟಿಗೆ ಚೇತರಿಕೆ ಕಾಣುತ್ತದೆಂದು ಹೇಳಿತು. ಬೆನ್ನುಹುರಿಯ ಗಾಯಕ್ಕೆ ಏನೂ ಮಾಡಲಾಗದು ಎಂಬ ಸಾವಿರಾರು ವರ್ಷದ ನಂಬಿಕೆಗೆ ಮೊದಲ ಬಿರುಕು ಬಿತ್ತು ಎಂದು ಅನೇಕರು ಸಂಭ್ರಮಿಸಿದರು. 1995ರ ಮೇ ತಿಂಗಳಲ್ಲಿ ಸೂಪರ್‌ಮ್ಯಾನ್ ಪಾತ್ರದ ನಟ ಕ್ರಿಸ್ಟೋಫರ್ ರೀವ್ ಕುದುರೆಯಿಂದ ಬಿದ್ದು ಕತ್ತಿನ ಕೆಳಗೆ ಸ್ವಾಧೀನ ಕಳೆದುಕೊಂಡರು. ಅವರು ಗಾಲಿಕುರ್ಚಿಯಲ್ಲಿ ಕುಳಿತೇ ಹಣ ಕೂಡಿಸಿದರು, ಸಂಸದರ ಮುಂದೆ ವಾದಿಸಿದರು. ಲ್ಯಾಬುಗಳು ಹೆಚ್ಚಿದವು, ಇಲಿಗಳು ಎದ್ದು ನಡೆದ ಸುದ್ದಿಗಳೂ ಹೆಚ್ಚಿದವು. ಮೀಥೈಲ್‌ಪ್ರೆಡ್ನಿಸೊಲೋನಿನ ಮಾತು ಮಾತ್ರ ವಿವಾದಕ್ಕೆ ತಿರುಗಿತು. 2013ರ ಹೊತ್ತಿಗೆ ಅಮೆರಿಕದ ನರಶಸ್ತ್ರಚಿಕಿತ್ಸಕರ ಮಾರ್ಗಸೂಚಿ ಅದನ್ನು ಕೊಡಬೇಡಿ ಎಂದಿತು.

ಇಲಿಗಳ ಸುದ್ದಿಯೂ ಅಷ್ಟೇ ತೊಡಕಿನದು. ನೋಗೊ ಎಂಬ ಪ್ರೋಟೀನು ನರದ ಎಳೆ ಬೆಳೆಯದಂತೆ ತಡೆಯುತ್ತದೆ, ಅದನ್ನು ತೆಗೆದರೆ ಎಳೆ ಮತ್ತೆ ಬೆಳೆಯಬಹುದು ಎಂಬ ನಿರೀಕ್ಷೆಯಲ್ಲಿ ಮೂರು ಲ್ಯಾಬುಗಳು ಆ ವಂಶವಾಹಿ ಇಲ್ಲದ ಚುಂಡಿಲಿಗಳನ್ನು ಬೇರೆ ಬೇರೆಯಾಗಿ ಸೃಷ್ಟಿಸಿದವು. 2003ರಲ್ಲಿ ಒಂದೇ ಪತ್ರಿಕೆಯಲ್ಲಿ ಮೂರೂ ಪ್ರಕಟವಾದವು. ಒಬ್ಬರಿಗೆ ಎಳೆ ಚೆನ್ನಾಗಿ ಬೆಳೆದಿತ್ತು, ಇನ್ನೊಬ್ಬರಿಗೆ ಅಲ್ಪಸ್ವಲ್ಪ, ಮೂರನೆಯವರಿಗೆ ಏನೂ ಇಲ್ಲ. ಅದೇ ವರ್ಷ ಅರ್ವೈನ್‌ನ ಓಸ್ವಾಲ್ಡ್ ಸ್ಟೀವರ್ಡ್ ಮತ್ತು ಇಬ್ಬರು ಸಹಲೇಖಕರು, ಮತ್ತೆ ಚಿಗುರಿದ್ದೆಂದು ತೋರಿಸುವ ಎಳೆಗಳು ಎಷ್ಟೋ ಸಲ ಪೆಟ್ಟಿನಲ್ಲಿ ಕಡಿಯದೆ ಉಳಿದ ಹಳೆಯ ಎಳೆಗಳೇ ಆಗಿರಬಹುದು ಎಂದು ಎಚ್ಚರಿಸಿದರು. ಹುರಿಯನ್ನು ಕತ್ತರಿಸುವ ಪ್ರಯೋಗಗಳಲ್ಲಿ ಕತ್ತರಿ ಪೂರ್ತಿ ಕೂಡದೆ ಅಂಚಿನಲ್ಲಿ ಒಂದು ಚೂರು ಬಿಳಿಭಾಗ ಉಳಿದರೆ ಸಾಕು, ಇಲಿ ಅದರಲ್ಲೇ ಹೆಜ್ಜೆ ಇಡಬಲ್ಲದು. ಉಳಿದದ್ದನ್ನು ಬೆಳೆದದ್ದೆಂದು ಕರೆದರೆ ಪೇಪರು ದೊಡ್ಡದಾಗುತ್ತದೆ.

ಕೊನೆಗೆ ಅಮೆರಿಕದ ರಾಷ್ಟ್ರೀಯ ನರರೋಗ ಸಂಸ್ಥೆ ಹೆಸರು ಮಾಡಿದ ಫಲಿತಾಂಶಗಳನ್ನು ಬೇರೆ ಕೈಗಳಲ್ಲಿ ಮತ್ತೆ ಮಾಡಿಸಲು ಹಣ ಕೊಟ್ಟಿತು. ಅರ್ವೈನ್, ಮಯಾಮಿ ಮುಂತಾದೆಡೆ ನಡೆದ ಆ ಮರುಪ್ರಯೋಗಗಳ ಒಟ್ಟು ಚಿತ್ರ 2012ರಲ್ಲಿ ಹೊರಬಂತು. ಬಹುಪಾಲು ಕಡೆ ಮೂಲದಲ್ಲಿ ಕಂಡ ಚೇತರಿಕೆ ಮತ್ತೆ ಕಾಣಿಸಲಿಲ್ಲ. ಇದರಿಂದ ಯಾರನ್ನೂ ಮೋಸಗಾರರೆನ್ನುವಂತಿಲ್ಲ. ಹೊಲಿಗೆ, ಬಿಸಿ, ಮೂತ್ರಕೋಶ, ಅಂಕ ಕೊಡುವ ಕಣ್ಣು, ಇವುಗಳಲ್ಲಿ ಯಾವುದು ಎಲ್ಲಿ ಜಾರಿತೋ. ಪೇಪರಿನಲ್ಲಿ ಅವಕ್ಕೆ ಜಾಗವಿರಲಿಲ್ಲ. 2014ರಲ್ಲಿ ಈ ಕ್ಷೇತ್ರದವರು ಕೂತು, ಬೆನ್ನುಹುರಿಯ ಪ್ರಯೋಗವೊಂದನ್ನು ವರದಿ ಮಾಡುವಾಗ ಕನಿಷ್ಠ ಏನೇನು ಬರೆಯಲೇಬೇಕು ಎಂಬ ಪಟ್ಟಿ ಮಾಡಿದರು.

ಕೆಲವು ವರ್ಷಗಳ ನಂತರ ಆಕೆ ಬೆಂಗಳೂರಿಗೆ ಮರಳಿದಳು. ಪ್ರಾಣಿಪ್ರಯೋಗದ ಸಮಿತಿಗೆ ಅರ್ಜಿ, ಪ್ರಶ್ನೆ, ತಿದ್ದಿದ ಅರ್ಜಿ. ಇಲ್ಲಿ ಎಲ್ಲವೂ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಅಡಿಯಲ್ಲಿ ಬರುತ್ತದೆ, ಬರಬೇಕು ಕೂಡ. ಅರ್ಜಿಯಲ್ಲಿ ಆಕೆ ಅತಿ ಉದ್ದಕ್ಕೆ ಬರೆದದ್ದು ಶಸ್ತ್ರಚಿಕಿತ್ಸೆಯನ್ನಲ್ಲ, ಆಮೇಲಿನ ಆರೈಕೆಯ ಸರದಿಯನ್ನು: ದೀಪಾವಳಿಗೆ ಯಾರು, ಸಂಕ್ರಾಂತಿಗೆ ಯಾರು, ಕರೆಂಟು ಹೋದರೆ ಬಿಸಿಪಟ್ಟಿಗೆ ಏನು ಗತಿ. ಸಮಿತಿಯ ಹಿರಿಯರೊಬ್ಬರು ಅದನ್ನು ಓದಿ, “ಇಲಿಗೆ ಇಷ್ಟೊಂದು ನರ್ಸಿಂಗಾ?” ಎಂದು ಅಚ್ಚರಿಪಟ್ಟರಂತೆ.

ಕಲಿಸುವ ಸರದಿ ಈಗ ಆಕೆಯದು. ಹುಡುಗರು ಹುಡುಗಿಯರು ಹೊಳೆಯುವ ಕಣ್ಣಿಟ್ಟುಕೊಂಡು ಬರುತ್ತಾರೆ. ಆಕರಕೋಶ, ಜೀನ್ ಎಡಿಟಿಂಗ್ ಎಲ್ಲ ನಾಲಿಗೆಯ ತುದಿಯಲ್ಲಿರುತ್ತದೆ. ಆಕೆ ಮೊದಲ ವಾರ ಅವರಿಗೆ ಪ್ರಯೋಗದ ಮಾತೇ ಆಡುವುದಿಲ್ಲ. ಗಾಯವಾಗದ ಇಲಿಯನ್ನು ದಿನಾ ಎತ್ತಿಕೊಳ್ಳುವುದು, ಅಂಗೈಯಲ್ಲಿ ಕೂರಿಸಿಕೊಳ್ಳುವುದು, ಕೈಯ ವಾಸನೆ ಅದಕ್ಕೆ ಪರಿಚಯವಾಗುವ ತನಕ ಅಷ್ಟೇ ಕೆಲಸ. ಹೆದರಿದ ಇಲಿ ತೊಟ್ಟಿಯ ಗೋಡೆಗಂಟಿ ಕುಳಿತುಬಿಡುತ್ತದೆ, ನಡೆಯುವುದೇ ಇಲ್ಲ. ನಡೆಯದಿದ್ದರೆ ಅಂಕವೆಲ್ಲಿಂದ ಬರಬೇಕು?

ಮೂತ್ರ ತೆಗೆಯುವ ಪಾಠವನ್ನು ಮಾತ್ರ ಆಕೆ ತಾನು ಮಾಡುವುದಿಲ್ಲ. ಅದನ್ನು ಅನಿಮಲ್ ಹೌಸಿನ ಹಿರಿಯ ಸಹಾಯಕರೊಬ್ಬರಿಗೆ ಬಿಟ್ಟಿದ್ದಾಳೆ. ಮಾಗಡಿ ಕಡೆಯವರು, ಓದಿದ್ದು ಹೈಸ್ಕೂಲು, ಮನೆಯಲ್ಲಿ ಹಸು ಕಟ್ಟಿದವರು. ಆಕೆ ಕೊಲಂಬಸ್ಸಿನಲ್ಲಿ ಕಲಿತದ್ದನ್ನು ಅವರು ಒಂದು ಮಧ್ಯಾಹ್ನ ನೋಡಿದರು, ಎರಡು ಸಲ ಮಾಡಿದರು, ಆಮೇಲೆ ಆಕೆಗಿಂತ ಚೆನ್ನಾಗಿ ಮಾಡತೊಡಗಿದರು. ಪಿಎಚ್.ಡಿ. ವಿದ್ಯಾರ್ಥಿಯೊಬ್ಬ ಇಲಿಯ ಹೊಟ್ಟೆಯನ್ನು ಹಿಸುಕುತ್ತಿದ್ದಾಗ ಅವರು ಅವನ ಮಣಿಕಟ್ಟು ಹಿಡಿದು ನಿಲ್ಲಿಸಿ, “ಹಾಲು ಕರೆಯೋ ಕೈ ಬೇಕು ಸ್ವಾಮಿ ಇದಕ್ಕೆ. ಜಗ್ಗಿದ್ರೆ ಕೊಡಲ್ಲ” ಎಂದಿದ್ದರು. ಅವನು ಈಗ ಹಾಗೆಯೇ ಮಾಡುತ್ತಾನೆ. ಪೇಪರಿನಲ್ಲಿ ಈ ಸಹಾಯಕರ ಹೆಸರನ್ನು ಕೃತಜ್ಞತೆಯ ಸಾಲಿನಲ್ಲಿ ಹಾಕಿದರೆ ಸಾಲದು, ಲೇಖಕರ ಸಾಲಿನಲ್ಲೇ ಹಾಕಬೇಕೆಂದು ಆಕೆ ಒಮ್ಮೆ ಪಟ್ಟು ಹಿಡಿದಳು. ಹಾಕಿಯೂ ಹಾಕಿದಳು.

ಮನುಷ್ಯರ ಕತೆಯಲ್ಲೂ ಮೂತ್ರಕೋಶದ್ದು ದೊಡ್ಡ ಪಾತ್ರವೇ. ಮೊದಲನೆಯ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಗಾಯವಾದ ಸೈನಿಕರಲ್ಲಿ ಹೆಚ್ಚಿನವರು ಬೇಗನೇ ಸತ್ತರು. ಅವರನ್ನು ಕೊಂದದ್ದು ಮೂತ್ರದ ಸೋಂಕು ಮತ್ತು ಹಾಸಿಗೆ ಹುಣ್ಣು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸುವುದು, ಮೂತ್ರದ ವ್ಯವಸ್ಥೆಯನ್ನು ಚೊಕ್ಕಟವಾಗಿಡುವುದು, ಎದ್ದು ಕೂರಿಸುವುದು, ಕೆಲಸ ಕಲಿಸುವುದು ಎಂಬ ಪಟ್ಟು ಹಿಡಿದರು. ನರವನ್ನು ಅವರು ಮುಟ್ಟಲಿಲ್ಲ, ಜನ ಬದುಕಿದರು. ಅವರ ಆವರಣದ ಆಟಗಳೇ ಮುಂದೆ ಪ್ಯಾರಾಲಿಂಪಿಕ್ಸ್ ಆದವು.

ಪತ್ರಿಕೆಯಲ್ಲಿ ಆಕೆಯ ಲ್ಯಾಬಿನ ಬಗ್ಗೆ ಚಿಕ್ಕದೊಂದು ಸುದ್ದಿ ಬಂದಾಗ ಫೋನುಗಳು ಬರತೊಡಗುತ್ತವೆ. ಅಡಿಕೆ ಮರದಿಂದ ಬಿದ್ದವರ ಮನೆಯವರು, ಬೈಕ್ ಅಪಘಾತವಾದವರ ಮನೆಯವರು. ಮಲೆನಾಡಿನಿಂದ ಒಬ್ಬ ಅಣ್ಣ ಮಾಡಿದ ಕರೆ ಆಕೆಗೆ ಮಾತುಮಾತೂ ನೆನಪಿದೆ. ಕೊನೆ ಕೊಯ್ಯಲು ಹತ್ತಿದ ತಮ್ಮ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಹೋಗಿತ್ತು. ಆಸ್ಪತ್ರೆಯಿಂದ ಮನೆಗೆ ಕರೆತಂದು ಕೆಲವು ತಿಂಗಳಾಗಿತ್ತು.

“ನಿಮ್ಮಲ್ಲಿ ಇಲಿ ನಡೀತಂತಲ್ಲ ಮೇಡಂ. ನಮ್ಮ ಹುಡುಗನಿಗ್ಯಾವಾಗ?”

ಇಲಿಯಲ್ಲಿ ಕಂಡದ್ದು ಮನುಷ್ಯರಿಗೆ ಇನ್ನೂ ಬಂದಿಲ್ಲ, ಯಾವಾಗ ಬರುತ್ತದೆಂದು ಹೇಳುವ ಹಾಗೂ ಇಲ್ಲ, ಯಾರಾದರೂ ದುಡ್ಡು ಕೇಳಿ ಬರುತ್ತದೆಂದರೆ ನಂಬಬೇಡಿ ಎಂದು ಆಕೆ ಹೇಳಿದಳು. ಆ ಕಡೆ ಮಾತಿರಲಿಲ್ಲ. ಆಕೆ ಕೇಳಿದಳು: “ಮೂತ್ರಕ್ಕೆ ಏನು ಮಾಡ್ತಿದೀರಿ?”

“ಪೈಪು ಹಾಕ್ತೀವಿ ಮೇಡಂ. ಬೆಳಿಗ್ಗೆ ಒಂದ್ಸಲ, ಮಲಗೋ ಮುಂಚೆ ಒಂದ್ಸಲ.”

“ಜ್ವರ ಬರತ್ತಾ?”

“ಬರ್ತಿರತ್ತೆ.”

“ಎರಡು ಸಲ ಸಾಲದು. ನಾಲ್ಕರಿಂದ ಆರು ಗಂಟೆಗೊಮ್ಮೆ ಹಾಕೋದು ಪದ್ಧತಿ. ನಾನು ಡಾಕ್ಟರಲ್ಲ, ಲ್ಯಾಬಿನವಳು. ಜ್ವರಕ್ಕೆ ನಾಳೆನೇ ತೋರಿಸಿ. ಪೈಪಿನ ವಿಚಾರಾನೂ ಅಲ್ಲೇ ಕೇಳಿ, ಆದ್ರೆ ಕೇಳದೆ ಬರಬೇಡಿ. ಹಾಕೋ ಮುಂಚೆ ಕೈ ಸೋಪಲ್ಲಿ ತೊಳ್ಕೊತೀರಾ?”

“ತೊಳ್ಕೊತೀವಿ.”

“ಎಷ್ಟು ಬಂತು ಅಂತ ಅಳತೆ ಇಡ್ತೀರಾ?”

“ಇಲ್ಲ ಮೇಡಂ, ಅದು ಗೊತ್ತಿರ್ಲಿಲ್ಲ.”

“ಒಂದು ನೋಟ್‌ಬುಕ್ ಇಡಿ. ಹೊತ್ತು, ಎಷ್ಟು ಬಂತು, ಬಣ್ಣ, ವಾಸನೆ. ಡಾಕ್ಟರಿಗೆ ಅದನ್ನೇ ತೋರಿಸಿ. ಮಗ್ಗುಲು ಎಷ್ಟು ಹೊತ್ತಿಗೊಮ್ಮೆ ತಿರುಗಿಸ್ತೀರಿ?”

ಪೆನ್ನು ಹುಡುಕುವ ಸದ್ದು ಕೇಳಿಸಿತು. “ನಿಧಾನಕ್ಕೆ ಹೇಳಿ ಮೇಡಂ, ಬರ್ಕೊಂತೀನಿ. ರಾತ್ರಿನೂ ತಿರುಗಿಸ್ಬೇಕಾ?”

“ರಾತ್ರಿನೂ ತಿರುಗಿಸ್ಬೇಕು. ಮನೇಲಿ ಎಷ್ಟು ಜನ ಇದೀರಿ? ಹೆಸರು ಹೇಳಿ, ಸರದಿ ಹಾಕೋಣ.”